ಬಾರದ ನೆಂಟರ ಕೋಣೆಗೊಂದು ಚಿಲಕ

ಬೆಂಗಳೂರಿನಲ್ಲಿ ಮೂರು ಬೆಡ್‌ರೂಮಿನ ಫ್ಲ್ಯಾಟು ತಗೊಂಡವರನ್ನು ಸುಮ್ಮನೆ ಕೇಳಿ ನೋಡಿ, "ಮೂರನೇ ರೂಮು ಯಾರಿಗೆ?" ಅಂತ. ಮೊದಲ ಎರಡಕ್ಕೆ ಅವರ ಹತ್ತಿರ ಉತ್ತರ ಸಿದ್ಧವಿರುತ್ತದೆ. ಮೂರನೆಯದಕ್ಕೆ ಬಂದಾಗ ಗಂಡ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಫ್ಯಾನು ನೋಡುತ್ತಾಳೆ, ಕೊನೆಗೆ ಇಬ್ಬರೂ ಒಟ್ಟಿಗೆ, "ಯಾರಾದ್ರೂ ಬಂದ್ರೆ ಇರಲಿ ಅಂತ" ಅನ್ನುತ್ತಾರೆ. ಈ ಯಾರಾದ್ರೂ ಎಂಬ ಮಹಾನುಭಾವನ ಹೆಸರಿನಲ್ಲಿ ಇಪ್ಪತ್ತು ವರ್ಷ ಕಂತು ಕಟ್ಟುತ್ತಾರೆ. ಆತ ಮಾತ್ರ ಬರುವುದಿಲ್ಲ.

ಬರುವುದಾದರೂ ಯಾಕೆ ಹೇಳಿ? ನೆಂಟರು ಬೇಸಿಗೆ ರಜೆ ಪೂರ್ತಿ ಇರುತ್ತಿದ್ದ ಕಾಲದಲ್ಲಿ ಅವರಿಗೆಂದು ಕೋಣೆಯೇ ಇರಲಿಲ್ಲ. ಪಡಸಾಲೆಯಲ್ಲಿ ಜಮಖಾನ ಹಾಸಿದರೆ ಹತ್ತು ಜನ ಸಾಲಾಗಿ ಮಲಗುತ್ತಿದ್ದರು. ಹನ್ನೊಂದನೆಯವರು ಬಂದರೆ ಎಲ್ಲರೂ ಒಂದೊಂದು ಗೇಣು ಸರಿಯುತ್ತಿದ್ದರು. ಈಗ ಕೋಣೆಯಿದೆ, ಅದಕ್ಕೆ ಅಟ್ಯಾಚ್ಡ್ ಬಾತ್‌ರೂಮೂ ಇದೆ. ಆದರೆ 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಮೈಸೂರಿನವರು ಬೆಳಗ್ಗೆ ಹೊರಟು, ಛತ್ರದಲ್ಲಿ ಮದುವೆ ಊಟ ಮುಗಿಸಿ, ತಾಂಬೂಲದ ಚೀಲ ಹಿಡಿದುಕೊಂಡು ಸಂಜೆ ಕಾಫಿ ಹೊತ್ತಿಗೆ ಅವರ ಮನೆಯಲ್ಲೇ ಇರುತ್ತಾರೆ. ಅಪ್ಪಿತಪ್ಪಿ ರಾತ್ರಿ ಉಳಿದವರೂ, "ಅಯ್ಯೋ ನಮಗೆ ರೂಮ್ಯಾಕೆ, ಇಲ್ಲೇ ಹಾಲಲ್ಲೇ ಟಿವಿ ನೋಡ್ತಾ ಮಲ್ಕೋತೀವಿ" ಅನ್ನುತ್ತಾರೆ.

ಇದರಲ್ಲಿ ವಾಸ್ತುವಿನವರ ಕೈವಾಡವೂ ಇದೆ. ಅತಿಥಿಗಳ ಕೋಣೆ ವಾಯವ್ಯ ಮೂಲೆಯಲ್ಲಿರಬೇಕು ಅನ್ನುತ್ತಾರೆ ಅವರು. ಯಾಕೆಂದರೆ ಅದು ವಾಯುವಿನ ದಿಕ್ಕು, ವಾಯುವಿಗೆ ಒಂದು ಕಡೆ ನಿಂತು ಗೊತ್ತಿಲ್ಲ, ಅಲ್ಲಿ ಮಲಗಿದವರೂ ಬೇಗ ಹೊರಡುತ್ತಾರಂತೆ! ಅತಿಥಿ ದೇವರೆಂದು ಬಾಗಿಲ ಮೇಲೆ ಬೋರ್ಡು ಹಾಕಿ, ಆ ದೇವರು ಮೂರು ದಿನದ ಮೇಲೆ ನಿಲ್ಲದಿರಲಿ ಎಂದು ದಿಕ್ಕು ನೋಡಿ ಗೋಡೆ ಕಟ್ಟಿಸುವ ಜನ ನಾವು. ಮದುವೆಯಾಗದ ಮಗಳನ್ನೂ ಇದೇ ಕೋಣೆಯಲ್ಲಿ ಮಲಗಿಸಿದರೆ ಬೇಗ ಕಂಕಣ ಕೂಡಿಬರುತ್ತದೆ ಎನ್ನುವ ಸಲಹೆಯೂ ಉಂಟು. ಒಟ್ಟಿನಲ್ಲಿ ಅದು ಯಾರನ್ನಾದರೂ ಸಾಗಹಾಕುವ ಕೋಣೆ.

ಸಾಗಹಾಕಲು ಆಗದ್ದು ಸಾಮಾನುಗಳನ್ನು ಮಾತ್ರ. ಟಿವಿ ಕೆಟ್ಟು ಗುಜರಿಗೆ ಹೋಗಿ ವರ್ಷವಾಗಿರುತ್ತದೆ, ಅದರ ಡಬ್ಬ ಇಲ್ಲಿರುತ್ತದೆ. ಬಾಕ್ಸ್ ಮಂಚದ ಹೊಟ್ಟೆಯೊಳಗೆ ಮದುವೆಗೆ ಬಂದ ಸ್ಟೀಲ್ ಪಾತ್ರೆ, ಪಟ್ಟದ ಗೊಂಬೆಗಳ ಟ್ರಂಕು, ಯಾರದೋ ಗೃಹಪ್ರವೇಶಕ್ಕೆ ಕೊಡೋಣವೆಂದು ಎತ್ತಿಟ್ಟ ಗೋಡೆ ಗಡಿಯಾರ. ಅದೂ ನಮ್ಮ ಗೃಹಪ್ರವೇಶಕ್ಕೆ ಯಾರೋ ಕೊಟ್ಟಿದ್ದೇ. ಇನ್ನು ಅರಿಶಿನ ಕುಂಕುಮಕ್ಕೆ ಬಂದ ಬ್ಲೌಸ್ ಪೀಸುಗಳ ಕಟ್ಟು. ಕತ್ತರಿ ಕಾಣುವ ಯೋಗ ಆ ಪೀಸುಗಳಿಗೆ ಇಲ್ಲ. ಮಡಿಕೆ ಬಿಚ್ಚದೆ ಮನೆಯಿಂದ ಮನೆಗೆ ತಿರುಗಿ, ಹೊರಟ ಮನೆಗೇ ಮರಳುತ್ತವೆ. ಮೂಲೆಯಲ್ಲಿ ಟ್ರೆಡ್‌ಮಿಲ್. ಅದರ ಮೇಲೆ ಹರವಿರುವ ಟವೆಲ್ಲುಗಳನ್ನು ನೋಡಿದರೆ ಈ ಮನೆಯಲ್ಲಿ ಓಡುವವರು ಯಾರೂ ಇಲ್ಲ, ಒಣಗುವವರು ಮಾತ್ರ ಇದ್ದಾರೆ ಎಂದು ಗೊತ್ತಾಗುತ್ತದೆ.

"ಈ ರೂಮನ್ನು ಚೊಕ್ಕ ಮಾಡಿ, ಬಣ್ಣ ಹೊಡೆಸಿ, ನನಗೆ ಅಂತ ಇಟ್ಕೋತೀನಿ" ಎಂದು ಮನೆಯ ಹೆಂಗಸು ಒಂದು ದಿನ ಘೋಷಿಸಿದಳು ಅನ್ನಿ. ಆವರೆಗೆ ಆ ಕಡೆ ತಲೆಯೂ ಹಾಕದವರೆಲ್ಲ ತಕ್ಷಣ ಪಾಲುದಾರರಾಗಿಬಿಡುತ್ತಾರೆ. ಟಿವಿ ಡಬ್ಬಕ್ಕೆ ಕೈ ಹಾಕಿದರೆ ಯಜಮಾನರು, "ಮನೆ ಶಿಫ್ಟ್ ಮಾಡುವಾಗ ಬೇಕಾಗುತ್ತೆ" ಅನ್ನುತ್ತಾರೆ. ಸ್ವಂತ ಮನೆಯಿಂದ ಎಲ್ಲಿಗೆ ಶಿಫ್ಟು ಅಂತ ಮಾತ್ರ ಕೇಳಬಾರದು. ಹಿಡಿ ಮುರಿದ ಪಾತ್ರೆ ಎತ್ತಿದರೆ ಅತ್ತೆಯವರ ಕಣ್ಣು ತುಂಬುತ್ತದೆ, "ನಮ್ಮಮ್ಮ ಇದರಲ್ಲೇ ಹಾಲು ಕಾಯಿಸ್ತಿದ್ದಿದ್ದು ಕಣೇ." ಏಳನೇ ಕ್ಲಾಸಿನ ನೋಟ್‌ಬುಕ್ಕು ಬಿಸಾಡಬಾರದು ಎಂದು ಇಂಜಿನಿಯರಿಂಗ್ ಓದುವ ಮಗ ಅಡ್ಡ ನಿಲ್ಲುತ್ತಾನೆ, ಅವನು ಏಳನೇ ಕ್ಲಾಸಿನಲ್ಲಿದ್ದಾಗ ಅದನ್ನು ತೆರೆದದ್ದು ಯಾರೂ ಕಂಡಿಲ್ಲ.

ಅಷ್ಟು ದಾಟಿದರೆ ಬಣ್ಣದ ಪಂಚಾಯ್ತಿ. ಅತ್ತೆಗೆ ಕಣ್ಣಿಗೆ ತಂಪಾದ ತಿಳಿಹಸಿರು ಆಗಬೇಕು. ಮಗಳಿಗೆ ಸೇಜ್ ಗ್ರೀನ್. ಎರಡೂ ಒಂದೇ ಬಣ್ಣ ಎಂದು ಇಬ್ಬರಿಗೂ ಹೇಳುವ ಧೈರ್ಯ ಯಾರಿಗೂ ಇಲ್ಲ. ಯಜಮಾನರಿಗೆ ಆಫ್ ವೈಟ್ ಬಿಟ್ಟರೆ ಲೋಕದಲ್ಲಿ ಬಣ್ಣವೇ ಇಲ್ಲ. ಪೇಂಟರ್ ಎಲ್ಲರ ಮಾತನ್ನೂ ಸಮಾಧಾನದಿಂದ ಕೇಳಿ, "ಮೇಡಂ, ಪಕ್ಕದ್ ಸೈಟಲ್ಲಿ ಮಿಕ್ಕಿರೋ ಪೀಚ್ ಐತೆ, ಹೊಡ್ದುಬಿಡ್ಲಾ?" ಎನ್ನುತ್ತಾನೆ. ಅವನು ಹೇಳುವುದನ್ನು ಬಿಟ್ಟು ಗೋಡೆ ಏನು ಹೇಳುತ್ತದೆ ಕೇಳಿ. ಬಾತ್‌ರೂಮಿಗೆ ತಗುಲಿದ ಗೋಡೆಯಲ್ಲಿ ತೇವವಿದ್ದರೆ ಮೊದಲು ಪ್ಲಂಬರನ್ನು ಕರೆಸಬೇಕು. ಇಲ್ಲದಿದ್ದರೆ ಮಳೆಗಾಲ ಮುಗಿಯುವುದರೊಳಗೆ ಸೇಜ್ ಗ್ರೀನ್ ಹಪ್ಪಳವಾಗಿ ಎದ್ದು ನಿಲ್ಲುತ್ತದೆ. ಪುಟ್ಟಿ ಒಣಗಬೇಕು, ಪ್ರೈಮರ್ ಆಗಬೇಕು, ಆಮೇಲೆ ಎರಡು ಕೋಟು. ಹತ್ತಡಿಗೆ ಹತ್ತಡಿ ಕೋಣೆ, ಹತ್ತಡಿ ಎತ್ತರ, ನಾಲ್ಕು ಗೋಡೆ ಸೇರಿ 400 ಚದರಡಿ. ಬಾಗಿಲು ಕಿಟಕಿ ಕಳೆದರೆ ಐದಾರು ಲೀಟರಿನಲ್ಲಿ ಮುಗಿಯುವ ಕೆಲಸ. ಪೇಂಟರ್ ಹತ್ತು ಲೀಟರ್ ಅಂದರೆ, ಮಿಕ್ಕಿದ್ದು ಮುಂದಿನ ಬೀದಿಯಲ್ಲಿ ಯಾವ ಮೇಡಂ ಮನೆಗೆ ಹೋಗುತ್ತದೆ ಎಂದು ಈಗ ನಿಮಗೆ ಗೊತ್ತು.

ದೀಪದ ವಿಷಯದಲ್ಲಂತೂ ನಾವು ಧಾರಾಳಿಗಳು. ಟ್ಯೂಬ್‌ಲೈಟಿನ ಬೆಳ್ಳನೆ ಬೆಳಕು ಬಿದ್ದರೇ ನಮಗೆ ದುಡ್ಡು ವಸೂಲಿ. ಎಲ್‌ಇಡಿ ಬಲ್ಬಿನ ಡಬ್ಬದ ಮೇಲೆ 6500 ಕೆಲ್ವಿನ್ ಎಂದಿದ್ದರೆ ಅದು ಆಪರೇಷನ್ ಥಿಯೇಟರಿಗೆ ಹೊಂದುವ ಬೆಳಕು. 2700 ಅಥವಾ 3000 ಅಂತಿದ್ದರೆ ಹಳದಿ ಬೆರೆತ ಬೆಚ್ಚನೆಯದು. ಎರಡನೆಯದನ್ನು ಹಾಕಿದ ರಾತ್ರಿ ಯಜಮಾನರು ಬಾಗಿಲಲ್ಲಿ ನಿಂತು, "ವೋಲ್ಟೇಜ್ ಕಮ್ಮಿ ಇದೆಯಾ?" ಎಂದು ಕೇಳುತ್ತಾರೆ. ಉತ್ತರ ಕೊಡಬೇಡಿ.

ಪರದೆಗೆ ಅಂಗಡಿಯವರು ಹೇಳುವ ರೇಟಿಗೆ ತಲೆಸುತ್ತು ಬಂದರೆ ಬೀರು ತೆಗೆಯಿರಿ. ಅಂಚು ಗಟ್ಟಿಯಿದ್ದು ಮೈ ಸವೆದ ಇಳಕಲ್ ಸೀರೆಯೊಂದು ಇದ್ದೇ ಇರುತ್ತದೆ. ಐದೂವರೆ ಮೀಟರ್ ಅಂದರೆ ಹದಿನೆಂಟು ಅಡಿ. ಏಳಡಿಯ ಎರಡು ಪರದೆ ಆಗಿ ಇನ್ನೂ ನಾಲ್ಕಡಿ ಮಿಗುತ್ತದೆ, ಅದು ದಿಂಬಿನ ಕವರಿಗೆ. ಮಂಚಕ್ಕೆ ಕೌದಿ. ಉತ್ತರ ಕರ್ನಾಟಕದ ಅಜ್ಜಿಯಂದಿರು ಹಳೇ ಸೀರೆ, ಧೋತರ, ಕುಪ್ಪಸಗಳನ್ನೆಲ್ಲ ಒಂದರ ಮೇಲೊಂದು ಇಟ್ಟು ಸಣ್ಣ ಸಣ್ಣ ಹೊಲಿಗೆ ಹಾಕಿದ ಕೌದಿಯನ್ನು ಬಡತನದ ಗುರುತು ಎಂದು ಅಟ್ಟಕ್ಕೆ ಎಸೆದ ನಾವೇ, ಅದನ್ನು ಮಾಲ್‌ನಲ್ಲಿ ಕ್ವಿಲ್ಟ್ ಎಂಬ ಹೆಸರಿನಲ್ಲಿ ಸಾವಿರಾರು ರೂಪಾಯಿಗೆ ಕೊಂಡುಕೊಂಡು ಬರುತ್ತೇವೆ.

ಮೂಲೆಗೊಂದು ಸ್ನೇಕ್ ಪ್ಲಾಂಟ್ ಇಟ್ಟರೆ ಗಾಳಿಯೆಲ್ಲ ಶುದ್ಧವೆಂದು ನರ್ಸರಿಯವರು ಆಣೆ ಮಾಡುತ್ತಾರೆ. 1989ರ ನಾಸಾ ವರದಿಯ ಹೆಸರನ್ನೂ ಎಳೆದು ತರುತ್ತಾರೆ. ಆ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಯೊಳಗೆ. ಮನೆಯ ಕೋಣೆಯಲ್ಲಿ, ಕಿಟಕಿಯಿಂದ ಬರುವ ಗಾಳಿ ಮಾಡುವಷ್ಟು ಕೆಲಸ ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು ಎಂದು 2019ರಲ್ಲಿ ಅಮೆರಿಕದ ಸಂಶೋಧಕರು ಲೆಕ್ಕ ಹಾಕಿದರು. ಅಷ್ಟು ಗಿಡ ಇಟ್ಟರೆ ನೀವು ಎಲ್ಲಿ ಕೂರುತ್ತೀರಿ? ಗಿಡ ಚೆಂದ ಕಾಣುತ್ತದೆ, ಒಂದು ಇಡಿ. ಗಾಳಿಗೆ ಕಿಟಕಿ ತೆಗೆಯಿರಿ.

ಕೋಣೆ ತಯಾರಾಯಿತು. ಇನ್ನು ಸೆಲ್ಫ್ ಕೇರ್. ಅದಕ್ಕೂ ಈಗ ಡಬ್ಬ ಬರುತ್ತದೆ: ಪರಿಮಳದ ಮೇಣದಬತ್ತಿ, ಮುಖಕ್ಕೆ ಉಜ್ಜುವ ಕಲ್ಲಿನ ರೋಲರು, ಬಾತ್ ಸಾಲ್ಟು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲಿ, ಟಬ್ಬು ಎಂದರೆ ಬಟ್ಟೆ ನೆನೆಹಾಕುವ ನೀಲಿ ಪ್ಲಾಸ್ಟಿಕ್ಕು ಎಂದು ತಿಳಿದ ಮನೆಯಲ್ಲಿ, ಬಾತ್ ಸಾಲ್ಟನ್ನು ಬಕೆಟ್ಟಿಗೆ ಸುರಿದು ಚೊಂಬಿನಲ್ಲಿ ಹೊಯ್ದುಕೊಂಡರೆ ಉಪ್ಪು ನೀರಿನ ಸ್ನಾನ ಆಗುತ್ತದೆ. ಅದಕ್ಕೆ ಬೋರ್‌ವೆಲ್ ಸಾಕಲ್ಲ!

ನಮ್ಮವರೇನು ಈ ವಿದ್ಯೆಯಲ್ಲಿ ಹಿಂದಿರಲಿಲ್ಲ. ಅಷ್ಟಾಂಗಹೃದಯದ ವಾಗ್ಭಟ ಅಭ್ಯಂಗವನ್ನು ಇಟ್ಟಿದ್ದು ದಿನಚರಿಯ ಅಧ್ಯಾಯದಲ್ಲಿ. ದಿನವೂ ಎಣ್ಣೆ ಹಚ್ಚಿಕೊಳ್ಳಿ, ಅದರಲ್ಲೂ ತಲೆ, ಕಿವಿ, ಪಾದಗಳಿಗೆ ತಪ್ಪಿಸಬೇಡಿ ಎಂಬುದು ಅವನ ಸಲಹೆ. ನಾವು ಅದನ್ನು ದಿನದಿಂದ ಶನಿವಾರಕ್ಕೆ ತಂದೆವು, ಶನಿವಾರದಿಂದ ನರಕ ಚತುರ್ದಶಿಗೆ ತಂದು ನಿಲ್ಲಿಸಿದೆವು. ಆ ಒಂದು ದಿನದ ವೈಭವವನ್ನೂ ನೋಡಿ. ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕೆಮ್ಮಣ್ಣು ಸುಣ್ಣ ಬಳಿದು, ಕೊರಳಿಗೆ ಬಳ್ಳಿ ಕಟ್ಟಿ, ನೀರು ತುಂಬಿ ಪೂಜೆ ಮಾಡುವವಳು ಅಮ್ಮ. ನಸುಕಿಗೆ ಎದ್ದು ಒಲೆ ಹಚ್ಚಿ, ಹರಳೆಣ್ಣೆ ಬಿಸಿ ಮಾಡಿ, ಎಲ್ಲರ ನೆತ್ತಿಗೂ ತಟ್ಟಿ, ಬೆನ್ನಿಗೆ ಸೀಗೇಪುಡಿ ಉಜ್ಜುವವಳೂ ಅಮ್ಮ. ಅವಳ ಸರದಿ ಬರುವ ಹೊತ್ತಿಗೆ ಹಂಡೆಯಲ್ಲಿ ಉಳಿದಿರುವುದು ಕೊರಳಿಗೆ ಕಟ್ಟಿದ ಬಳ್ಳಿ ಮಾತ್ರ.

ಸೋಪಿನದೂ ಅದೇ ಕಥೆ. ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಶ್ರೀಗಂಧ ಯುರೋಪಿಗೆ ಹೋಗಲಾರದೆ ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಇಲ್ಲೇ ಎಣ್ಣೆ ತೆಗೆಸಿ ಬೆಂಗಳೂರಿನಲ್ಲಿ ಸೋಪಿನ ಕಾರ್ಖಾನೆ ಹೂಡಿಸಿದರು. ಪ್ರಜೆಗಳು ಮೈಗೆ ಹಚ್ಚಿಕೊಳ್ಳಲಿ ಎಂಬುದು ಅವರ ಉದ್ದೇಶ. ನಮ್ಮ ಹೆಂಗಸರು ಆ ಮೈಸೂರು ಸ್ಯಾಂಡಲ್ ಸೋಪನ್ನು ಡಬ್ಬದ ಸಮೇತ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟರು, ಸೀರೆ ಘಮಘಮ ಅನ್ನಲಿ ಅಂತ. ಸೀರೆಗಿರುವ ಭಾಗ್ಯ ಉಟ್ಟವಳಿಗಿಲ್ಲ. ಬಾತ್‌ರೂಮಿನಲ್ಲಿ ಅವಳ ಪಾಲಿಗೆ ಹಳೇ ಸೋಪಿನ ಚೂರಿಗೆ ಇನ್ನೊಂದು ಚೂರು ಅಂಟಿಸಿದ ಎರಡು ಬಣ್ಣದ ಬಿಲ್ಲೆ. ಹೊಸ ಸೋಪು ಯಾರಾದ್ರೂ ಬಂದ್ರೆ ಇರಲಿ ಅಂತ.

ದುಡ್ಡಿಲ್ಲ ಎಂದಲ್ಲ, ಸಮಯವಿಲ್ಲ ಅನ್ನುತ್ತೀರಿ. ಅದನ್ನೂ ಸರ್ಕಾರ ಲೆಕ್ಕ ಹಾಕಿಸಿದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಈ 88 ಕೂಡ ಮನೆಗೆಲಸಕ್ಕೆ ಕೈ ಹಚ್ಚಿದ ಗಂಡಸರ ಸರಾಸರಿ. ಹಚ್ಚದವರು ಲೆಕ್ಕಕ್ಕೇ ಸಿಕ್ಕಿಲ್ಲ. 2019ರಲ್ಲಿ ಈ ಅಂಕಿಗಳು 299 ಮತ್ತು 97 ಇದ್ದವು. ಅಂದರೆ ಐದು ವರ್ಷದಲ್ಲಿ ದೇಶದ ಹೆಂಗಸರಿಗೆ ಹತ್ತು ನಿಮಿಷ ಬಿಡುವಾಯಿತು. ಗಂಡಸರು ಹಿಂದೆ ಬೀಳುತ್ತಾರೆಯೇ? ಅವರೂ ಒಂಬತ್ತು ನಿಮಿಷ ಉಳಿಸಿಕೊಂಡರು. ಇರಲಿ, ಹತ್ತು ನಿಮಿಷ ಸಿಕ್ಕಿದೆಯಲ್ಲ, ಪಾದಕ್ಕೆ ಎಣ್ಣೆ ಹಚ್ಚಿಕೊಳ್ಳಲು ಧಾರಾಳ ಸಾಕು. ಹೋಗಿ ಬಾಗಿಲು ಹಾಕಿಕೊಳ್ಳಿ.

ಹಾಕಿಕೊಂಡಿರಾ? ಒಂದನೇ ನಿಮಿಷ: "ಅಮ್ಮಾ, ಚಾರ್ಜರ್ ಎಲ್ಲಿ?" ಮೂರನೇ ನಿಮಿಷ: "ಏನೇ, ಕುಕ್ಕರ್ ಎಷ್ಟು ಸಲ ಕೂಗ್ಬೇಕು?" ಐದನೇ ನಿಮಿಷಕ್ಕೆ ಅತ್ತೆ ಮೆಲ್ಲಗೆ ಬಂದು, "ಮೈ ಹುಷಾರಿಲ್ವೇನಮ್ಮಾ?" ಎಂಟನೇ ನಿಮಿಷಕ್ಕೆ ತವರುಮನೆಯಿಂದ ಫೋನು: "ಬಾಗಿಲು ಹಾಕ್ಕೊಂಡು ಕೂತಿದೀಯಂತೆ, ಏನಾದ್ರೂ ಮಾತು ಬಂತಾ?" ನಮ್ಮ ಮನೆಗಳಲ್ಲಿ ಗಂಡಸು ಬಾಗಿಲು ಹಾಕಿಕೊಂಡರೆ ಮೀಟಿಂಗು, ಮಕ್ಕಳು ಹಾಕಿಕೊಂಡರೆ ಪರೀಕ್ಷೆ, ಹೆಂಗಸು ಹಾಕಿಕೊಂಡರೆ ಒಂದು ತಲೆನೋವು, ಇಲ್ಲವೇ ಜಗಳ. ಸುಖವಾಗಿ ಕೂತಿದ್ದಾಳೆ ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ.

ವರ್ಜೀನಿಯಾ ವುಲ್ಫ್ ಎಂಬಾಕೆ ಇದನ್ನು ಇಂಗ್ಲೆಂಡಿನಲ್ಲಿ ಕೂತು 1929ರಲ್ಲೇ ಬರೆದಿಟ್ಟಳು. ಹೆಂಗಸು ಬರೆಯಬೇಕಾದರೆ ವರ್ಷಕ್ಕೆ 500 ಪೌಂಡ್ ವರಮಾನ ಬೇಕು, ತನ್ನದೇ ಒಂದು ಕೋಣೆ ಬೇಕು, ಆ ಕೋಣೆಯ ಬಾಗಿಲಿಗೆ ಬೀಗ ಬೇಕು ಎಂದಳು. ಗಮನಿಸಿ, ಪರದೆ ಕೇಳಲಿಲ್ಲ, ಸೇಜ್ ಗ್ರೀನ್ ಕೇಳಲಿಲ್ಲ, ಸ್ನೇಕ್ ಪ್ಲಾಂಟ್ ಕೇಳಲಿಲ್ಲ. ಕೇಳಿದ್ದು ಬೀಗ. ನಾವು ಲಕ್ಷ ರೂಪಾಯಿ ಇಂಟೀರಿಯರ್‌ಗೆ ಸುರಿದು ಚಿಲಕದ ಮಾತನ್ನೇ ಮರೆಯುತ್ತೇವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಅದಕ್ಕೆ ಒಂದು ಪರದೆಯ ದುಡ್ಡೂ ಆಗುವುದಿಲ್ಲ. ಹಾಕಿಸುವಾಗ ಮಾತ್ರ ಒಳಗಡೆಗೆ ಹಾಕಿಸಿ.

ಅಲಂಕಾರದಿಂದ ಆಗುವ ಅನಾಹುತ ಇನ್ನೊಂದಿದೆ. ಕೋಣೆ ಚೆಂದವಾಯಿತೋ, ಎಲ್ಲರ ಕಣ್ಣೂ ಅದರ ಮೇಲೆ. "ಹಿಂದೆ ಬ್ಯಾಕ್‌ಗ್ರೌಂಡ್ ಚೆನ್ನಾಗಿದೆ" ಎಂದು ಯಜಮಾನರು ಲ್ಯಾಪ್‌ಟಾಪ್ ತಂದು ಆಫೀಸು ತೆರೆಯುತ್ತಾರೆ. ಮಗಳು ರೀಲ್ಸ್ ಶೂಟಿಂಗಿಗೆ ಇಳಕಲ್ ಪರದೆಯ ಮುಂದೆ ನಿಲ್ಲುತ್ತಾಳೆ. ಅತ್ತೆಗೆ ಮಧ್ಯಾಹ್ನದ ನಿದ್ದೆ ಅಲ್ಲೇ ಚೆನ್ನಾಗಿ ಬರುತ್ತದೆ. ಜನ್ಮದಲ್ಲಿ ಹಾಲು ಬಿಟ್ಟು ಕದಲದ ನೆಂಟರೂ, "ಈ ಸಲ ನಾಲ್ಕು ದಿನ ಇದ್ದು ಹೋಗೋಣ ಅಂತ ಬಂದ್ವಿ" ಎನ್ನುತ್ತಾರೆ. ವಾಯವ್ಯದ ವಾಯುವೂ ಕೈಚೆಲ್ಲುತ್ತಾನೆ.

ಇದಕ್ಕೆ ಚಿಲಕಕ್ಕಿಂತ ಗಟ್ಟಿಯಾದ ಉಪಾಯವೊಂದಿದೆ, ಖರ್ಚಿಲ್ಲ. ಒಗೆದು ಒಣಗಿದ ಬಟ್ಟೆಗಳನ್ನು ಮಡಚದೆ ತಂದು ಬಾಗಿಲ ಹತ್ತಿರದ ಕುರ್ಚಿಯ ಮೇಲೆ ದೊಡ್ಡದಾಗಿ ಗುಡ್ಡೆ ಹಾಕಿ. ಮೇಲೆ ಎದ್ದು ಕಾಣುವಂತೆ ಯಜಮಾನರ ಎರಡು ಬನಿಯನ್ ಇರಲಿ. ಬಾಗಿಲನ್ನು ಅರ್ಧ ತೆರೆದೇ ಇಡಿ. ಚಾರ್ಜರ್ ಹುಡುಕಿಕೊಂಡು ಬಂದವರು ಇಣುಕಿ ನೋಡಿ, ಗುಡ್ಡೆ ಕಂಡ ಕೂಡಲೇ ಹೆಜ್ಜೆ ಸಪ್ಪಳ ಆಗದಂತೆ ಹಿಂದಕ್ಕೆ ಹೋಗುತ್ತಾರೆ. ಆ ಸಂಜೆ ಚಾರ್ಜರನ್ನು ತಾವೇ ಹುಡುಕಿಕೊಳ್ಳುತ್ತಾರೆ. ನೀವು ಕೌದಿಯ ಮೇಲೆ ಕಾಲು ಚಾಚಿ, ಬೀರುವಿನಿಂದ ತೆಗೆದ ಹೊಸ ಸೋಪನ್ನು ಪಕ್ಕದಲ್ಲಿಟ್ಟುಕೊಂಡು, ಪಾದಕ್ಕೆ ನಿಧಾನವಾಗಿ ಎಣ್ಣೆ ತಿಕ್ಕುತ್ತಾ ಇರಿ. ಬಟ್ಟೆಗೇನು ಅವಸರ? ಅದನ್ನು ಮಡಚಿದ ದಿನ ರೂಮು ಕೈಬಿಟ್ಟಿತು ಅಂತಲೇ ತಿಳಿಯಿರಿ.