ಸಹೋದರ ಗುಣಾಕಾರ ಮೀಮಾಂಸೆ

ಪೀಠಿಕೆ

ಕಿಲೋಗೆ 60 ರೂಪಾಯಿಯಂತೆ ಐದು ಕಿಲೋ ಅಕ್ಕಿ, 150ರಂತೆ ಎರಡು ಕಿಲೋ ಬೇಳೆ, 70ಕ್ಕೆ ಒಂದು ಕಿಲೋ ಬೆಲ್ಲ. ಒಟ್ಟೆಷ್ಟು? ಐದನೇ ಕ್ಲಾಸಿನ ಹುಡುಗಿ ಪೆನ್ಸಿಲ್ ಮುಟ್ಟದೆ 670 ಎನ್ನುತ್ತಾಳೆ. ಇಷ್ಟು ಸಲೀಸಾಗಿ ಉತ್ತರ ಬರುವ ಪ್ರಶ್ನೆ ಶಾಸ್ತ್ರಕ್ಕೆ ಯೋಗ್ಯವಲ್ಲ. ಆದುದರಿಂದ ಅದನ್ನು ಮಾಹಿತಿ ಬರೆದಿಡುವ ಗಣಕಭಾಷೆಯಾದ ಎಕ್ಸ್‌ಎಂಎಲ್‌ನಲ್ಲಿ ಬರೆದು, ಅದನ್ನು ರೂಪಾಂತರಿಸುವ ಭಾಷೆಯಾದ ಎಕ್ಸ್‌ಎಸ್‌ಎಲ್‌ಟಿಯ ಮೂಲಕವೇ ಕೂಡಿಸತಕ್ಕದ್ದು.

ಶಾಸ್ತ್ರಗ್ರಂಥ ಎಂದಮೇಲೆ ಅನುಬಂಧ ಚತುಷ್ಟಯ ಹೇಳಬೇಕು. ವಿಷಯ: ಕಿರಾಣಿ ಚೀಟಿ. ಪ್ರಯೋಜನ: ಒಟ್ಟು ಮೊತ್ತ. ಅಧಿಕಾರಿ: ಹೊತ್ತು ಮುಳುಗುವುದರೊಳಗೆ ಮನೆ ಸೇರುವ ಆಸೆ ತೊರೆದವನು. ಸಂಬಂಧ: ಗಂಟು ಇರುವುದೇ ಇಲ್ಲಿ, ಮುಂದಿನದೆಲ್ಲ ಅದರ ವ್ಯಾಖ್ಯಾನ.

ವಂಶಾವಳಿ ಪ್ರಕರಣ

ಎಕ್ಸ್‌ಎಂಎಲ್ 1998ರಲ್ಲಿ ಹುಟ್ಟಿದಾಗಲೇ ಕನ್ನಡ ಅಕ್ಷರಗಳಲ್ಲಿ ಹೆಸರಿಡಲು ಅನುಮತಿ ಇತ್ತು. ಆದ್ದರಿಂದ ನಮ್ಮ ಮೂಲಪುರುಷನಿಗೆ ‘ಚೀಟಿ’ ಎಂದೇ ನಾಮಕರಣ. ಅವನಿಗೆ ಮೂವರು ಮಕ್ಕಳು. ಮೂವರ ಹೆಸರೂ ‘ಸಾಲು’. ಪ್ರತಿ ಸಾಲಿಗೂ ಮತ್ತೆ ಮೂವರು: ಸರಕು, ದರ, ಪ್ರಮಾಣ. ಯಾರನ್ನು ಹುಡುಕಬೇಕಾದರೂ ಎಕ್ಸ್‌ಎಸ್‌ಎಲ್‌ಟಿ ನಂಟು ವಿಚಾರಿಸುತ್ತದೆ: ತಂದೆಯೋ, ಪೂರ್ವಜನೋ, ಹಿಂದೆ ಹುಟ್ಟಿದವನೋ, ಬೆನ್ನಿಗೆ ಬಿದ್ದವನೋ? ಒಂದೇ ಸಾಲಿನ ದರವೂ ಪ್ರಮಾಣವೂ ಒಡಹುಟ್ಟಿದವರು. ಅಕ್ಕಿಯ ದರಕ್ಕೆ ಬೇಳೆಯ ಪ್ರಮಾಣ ಮಾತ್ರ ಚಿಕ್ಕಪ್ಪನ ಮಗ, ಅಂದರೆ ದಾಯಾದಿ. ಇದರಿಂದ ಮೂಲಸೂತ್ರ ಹೊರಡುತ್ತದೆ: ‘ಸಹೋದರಯೋರೇವ ಗುಣನಂ, ನ ದಾಯಾದಯೋಃ.’ ಗುಣಿಸುವುದಾದರೆ ಒಡಹುಟ್ಟಿದವರನ್ನೇ ಗುಣಿಸಬೇಕು. ದಾಯಾದಿಗಳನ್ನು ಗುಣಿಸಿದರೆ ವ್ಯಾಜ್ಯ.

ಪೂರ್ವಪಕ್ಷ

ಮೊದಲನೆಯವರು ಸಮೂಹವಾದಿಗಳು. ದರಗಳನ್ನೆಲ್ಲ ಒಂದು ಕಡೆ ಕೂಡಿಸಿ, ಪ್ರಮಾಣಗಳನ್ನೆಲ್ಲ ಇನ್ನೊಂದು ಕಡೆ ಕೂಡಿಸಿ, ಎರಡನ್ನೂ ಗುಣಿಸೋಣ ಎನ್ನುತ್ತಾರೆ. 280ನ್ನು 8ರಿಂದ ಗುಣಿಸಿದರೆ 2240. ಬೇಳೆಯ ದರದಲ್ಲಿ ಬೆಲ್ಲ ಮಾರಿದ ಪಾಪ ಇವರಿಗೆ.

ಎರಡನೆಯವರು ಜ್ಯೇಷ್ಠವಾದಿಗಳು. ‘ಸಾಲು/ದರ * ಸಾಲು/ಪ್ರಮಾಣ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಎಕ್ಸ್‌ಎಸ್‌ಎಲ್‌ಟಿಯ 1.0 ಆವೃತ್ತಿಯ ನ್ಯಾಯದಲ್ಲಿ, ಅಣ್ಣತಮ್ಮಂದಿರ ಗುಂಪಿಗೆ ಗುಂಪೇ ಗುಣಾಕಾರಕ್ಕೆ ಬಂದರೆ ಹಿರಿಯನೊಬ್ಬನಿಗಷ್ಟೇ ಮಣೆ. ಸಿಗುವುದು ಅಕ್ಕಿಯ 300 ಮಾತ್ರ. ಬೇಳೆ, ಬೆಲ್ಲ ಬಾಯಿ ಬಿಡುವುದಿಲ್ಲ, ಯಂತ್ರವೂ ತಪ್ಪೆನ್ನುವುದಿಲ್ಲ. ಇದನ್ನೇ ‘ಸಮ್’ ಎಂಬ ಸಂಕಲನ ಕ್ರಿಯೆಯೊಳಗೆ ತುರುಕಿದರೆ ಆಗ ಯಂತ್ರ ಸಿಡುಕುತ್ತದೆ. ಅದಕ್ಕೆ ಬೇಕಾದದ್ದು ಗುಂಪು, ಕೊಟ್ಟದ್ದು ಒಂಟಿ ಸಂಖ್ಯೆ.

ಮೂರನೆಯವರು ಅನ್ಯಭಾಷೆಗಳಲ್ಲಿ ನುರಿತ ಪರಿವರ್ತನವಾದಿಗಳು. ‘ಒಟ್ಟು’ ಎಂಬ ಚರಕ್ಕೆ ಸೊನ್ನೆ ಕೊಟ್ಟು, ಸಾಲುಸಾಲಿಗೂ ಅದನ್ನು ಬೆಳೆಸುತ್ತ ಹೋಗೋಣ ಎನ್ನುತ್ತಾರೆ. ಆದರೆ ಎಕ್ಸ್‌ಎಸ್‌ಎಲ್‌ಟಿಯ ಚರ ಚಲಿಸುವುದಿಲ್ಲ. ಒಮ್ಮೆ ಸೊನ್ನೆ ಎಂದರೆ ಅದು ಹರಿಶ್ಚಂದ್ರನ ಮಾತು, ರಾಜ್ಯ ಹೋದರೂ ಸೊನ್ನೆಯೇ.

ಸಿದ್ಧಾಂತ

ಚರದ ಬೆಲೆ ಬದಲಾಗದಿದ್ದರೆ ಚರವೇ ಹೊಸಹುಟ್ಟು ಪಡೆಯಬೇಕು. ಒಂದು ಟೆಂಪ್ಲೇಟ್‌ಗೆ ಸಾಲುಗಳನ್ನೂ ಈವರೆಗಿನ ಮೊತ್ತವನ್ನೂ ಒಪ್ಪಿಸಿ. ಅದು ಮೊದಲ ಸಾಲಿನ ಸಹೋದರರನ್ನು ಗುಣಿಸಿ, ಬಂದದ್ದನ್ನು ಮೊತ್ತಕ್ಕೆ ಸೇರಿಸಿ, ಮಿಕ್ಕ ಸಾಲುಗಳೊಡನೆ ತನ್ನನ್ನೇ ಮತ್ತೆ ಕರೆಯುತ್ತದೆ. ಜನ್ಮಜನ್ಮಾಂತರದಲ್ಲಿ ಮೊತ್ತ 0, 300, 600, 670. ಸಾಲುಗಳು ತೀರಿದಾಗ ಮೋಕ್ಷ.

ಜೇಮ್ಸ್ ಕ್ಲಾರ್ಕ್ ಸಂಪಾದಿಸಿದ 1.0 ಆವೃತ್ತಿ 1999ರ ನವೆಂಬರ್ 16ರಂದು ಶಿಫಾರಸಾಗಿ ಹೊರಬಿತ್ತು. ಮೈಕಲ್ ಕೇ ಸಂಪಾದಿಸಿದ 2.0 ಬಂದದ್ದು 2007ರ ಜನವರಿ 23ರಂದು. ಅದರಲ್ಲಿ ಇಡೀ ಪುನರ್ಜನ್ಮ ಪ್ರಕರಣ ಒಂದು ಸಾಲಿಗೆ ಇಳಿಯಿತು: ‘ಸಮ್(ಸಾಲು/(ದರ * ಪ್ರಮಾಣ))’. ಮೊದಲು ಸಾಲಿನ ಮನೆಯೊಳಗೆ ಹೋಗು, ಅಲ್ಲಿಯ ಇಬ್ಬರನ್ನು ಗುಣಿಸು, ಆಮೇಲೆ ಎಲ್ಲ ಮನೆಗಳದ್ದನ್ನೂ ಕೂಡಿಸು. ಒಂದು ಆವರಣ ಚಿಹ್ನೆ ತನ್ನ ಜಾಗ ಸೇರಲು ಏಳು ವರ್ಷ ಮೀರಿತು. ಆದರೂ ಬ್ರೌಸರುಗಳು ತಮ್ಮೊಳಗೆ ಇಟ್ಟುಕೊಂಡದ್ದು 1.0ನ್ನೇ, ಆದ್ದರಿಂದ ಅಲ್ಲಿ ಪುನರ್ಜನ್ಮ ತಪ್ಪಲಿಲ್ಲ.

ಚಿಹ್ನಾದೋಷ ಪ್ರಕರಣ

ಕಳೆಯುವಾಗ ಮಡಿ ಮುಖ್ಯ. ‘ದರ-ರಿಯಾಯಿತಿ’ ಎಂದು ಅಂಟಿಸಿ ಬರೆದರೆ ಅದು ವ್ಯವಕಲನವಲ್ಲ, ಆ ಹೆಸರಿನ ಇನ್ನೊಂದು ಮಗು. ಯಂತ್ರ ಅದನ್ನು ಹುಡುಕಿ ಬರಿಗೈಯಲ್ಲಿ ಬರುತ್ತದೆ. ಹೆಸರಿಗೂ ಗೆರೆಗೂ ನಡುವೆ ಜಾಗ ಬಿಡಬೇಕು. ಓರೆಗೆರೆ ಭಾಗಿಸುವುದಿಲ್ಲ, ಮಕ್ಕಳ ಮನೆಗೆ ಇಳಿಸುತ್ತದೆ. ಭಾಗಾಕಾರಕ್ಕೆ ‘ಡಿವ್’ ಎಂದು ಬಾಯಿಬಿಟ್ಟು ಹೇಳಬೇಕು. ನಕ್ಷತ್ರಕ್ಕೆ ಎರಡು ಅರ್ಥ: ಗುಣಿಸು, ಮತ್ತು ಇರುವ ಮಕ್ಕಳೆಲ್ಲ. ಆದ್ದರಿಂದ ‘* * *’ ಎಂಬುದು ಅಲಂಕಾರವಲ್ಲ, ವ್ಯಾಕರಣಶುದ್ಧ ಗಣಿತ.

ಇನ್ನು 1.0 ಆವೃತ್ತಿಯಲ್ಲಿ ದರದ ಜಾಗದಲ್ಲಿ ಯಾರಾದರೂ ‘1,200’ ಎಂದು ಅಲ್ಪವಿರಾಮ ಹಾಕಿದರೋ, ಅದು ‘ನ್ಯಾನ್’ ಆಗುತ್ತದೆ, ಅಂದರೆ ಸಂಖ್ಯೆಯೇ ಅಲ್ಲದ್ದು. ಒಬ್ಬನಿಗೆ ಸೂತಕವಾದರೆ ಮನೆಗೆಲ್ಲ ಸೂತಕ: ಒಟ್ಟು ಮೊತ್ತವೂ ನ್ಯಾನ್. ಇದರ ತತ್ತ್ವ ಗಹನ. ನ್ಯಾನ್ ನ್ಯಾನ್‌ಗೆ ಸಮವೇ ಎಂದು ಕೇಳಿದರೆ ಅಲ್ಲವೆಂಬುದೇ ಉತ್ತರ. ಅದ್ವೈತಿಗಳು ಇಲ್ಲಿ ಕಾಲಿಡುವಂತಿಲ್ಲ. ಮಧ್ವಾಚಾರ್ಯರ ಪಂಚಭೇದದಲ್ಲೂ ತನಗೂ ತನಗೂ ಇರುವ ಈ ಆರನೆಯ ಭೇದಕ್ಕೆ ಎಡೆಯಿಲ್ಲ.

ಫಲಶ್ರುತಿ

ಕೂಡುವುದು, ಗುಣಿಸುವುದು ಯಂತ್ರಕ್ಕೆ ಲೀಲೆ. ಯಾರ ದರ ಯಾರ ಪ್ರಮಾಣದ ಪಕ್ಕ ಕೂರಬೇಕೆಂಬುದನ್ನು ಮಾತ್ರ ಮನುಷ್ಯನೇ ಹೇಳಿಕೊಡಬೇಕು. ಅಷ್ಟು ಹೇಳಿದ ಮೇಲೆ ಲೆಕ್ಕ ತಾನಾಗಿ ಆಗುತ್ತದೆ. ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಓದಿದವರು 670 ಕೊಟ್ಟು ಸಾಮಾನು ತರುತ್ತಾರೆ. ಓದದವರು 2240 ತೆರುತ್ತಾರೆ. ಆದಕಾರಣ ಅಂಗಡಿಯವರು ಈ ಗ್ರಂಥವನ್ನು ಗಿರಾಕಿಗಳ ಕೈಗೆ ಸಿಗದಂತೆ ಇಡತಕ್ಕದ್ದು.