107 ಡಿಗ್ರಿ ಆರಾಮ

ರಾತ್ರಿ ಹತ್ತೂವರೆಗೆ ಅವ್ವ ಹಿತ್ತಲ ಬಾಗಿಲು ದೂಡಿಕೊಂಡು ಒಳಗೆ ಬಂದಳು. ಸೆರಗಿನೊಳಗೆ ಬಾತುಕೋಳಿ.

“ಮೈ ಕೆಂಡ ಆಗೇತಿ. ರೆಕ್ಕಿ ಬುಡಕ ಕೈ ಇಟ್ಟ ನೋಡು.”

ಇಟ್ಟು ನೋಡಿದೆ. ಕೆಂಡವೇ. ಮೈಸೂರು ಕಡೆಯವಳಾದ ನನ್ನ ಹೆಂಡತಿ ಥರ್ಮಾಮೀಟರ್ ತಂದಳು. ಅದನ್ನು ಎಲ್ಲಿಡಬೇಕು ಅಂತ ಮೂವರೂ ಪಕ್ಷಿಯ ಸುತ್ತ ನಿಂತೆವು. ಅಷ್ಟರಲ್ಲಿ ಹನ್ನೊಂದು ವರ್ಷದ ಮಗಳು ಕಣ್ಣುಜ್ಜಿಕೊಂಡು ಬಂದು, “ಅಜ್ಜಿ, ಬಾತಿಗೆ 106, 107 ಡಿಗ್ರಿ ನಾರ್ಮಲ್ಲು. ಬಿಟ್ಟುಬಿಡು, ನಿದ್ದೆ ಮಾಡ್ಲಿ” ಅಂದಳು.

ಅವ್ವ ನಂಬಲಿಲ್ಲ. “ನಮ್ಮೂರಾಗ ಯಾರಿಗರೆ 107 ಬಂತಂದ್ರ ಬೀಗರಿಗೆಲ್ಲಾ ಫೋನ್ ಹೋಗತಾವು. ಇದು ಆರಾಮ ಐತಿ ಅಂತೀಯಲ್ಲ?”

ನಮ್ಮೂರು ಅಂದರೆ ಗದಗ ತಾಲ್ಲೂಕಿನ ಅಂತೂರ ಬೆಂತೂರ. ಹೆಸರು ಜೋಡಿ, ನೆಲ ಎರಿ. ಎಮ್ಮೆ, ಆಡು, ಕೋಳಿ ಯಾವುದರ ಜಡ್ಡು ಕೇಳಿದರೂ ಅವ್ವ ಹೇಳುತ್ತಾಳೆ. ಬಾತಿನ ಜಾತಿಯನ್ನು ಮಾತ್ರ ಆಕೆ ದೂರದಿಂದ ಕಂಡವಳು, ಅದೂ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಲ್ಲಿ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಚಳಿಗಾಲಕ್ಕೆ ಅಲ್ಲಿ ಇಳಿಯುವ ಪಟ್ಟೆತಲೆ ಹೆಬ್ಬಾತುಗಳಿಂದಾಗಿ ಆ ಕೆರೆಗೆ 2024ರಲ್ಲಿ ಜಾಗತಿಕ ಮಹತ್ವದ ಜೌಗುತಾಣವೆಂಬ ರಾಮ್ಸಾರ್ ಪಟ್ಟ ಸಿಕ್ಕಿತು. ಅವ್ವನ ಲೆಕ್ಕದಲ್ಲಿ ಅವು ಆಕೆಯ ಸೋದರಮಾವನ ಹೊಲದ ಶೇಂಗಾ ತಿಂದ ಕಳ್ಳರು, ಅಷ್ಟೇ.

ಅಂಥವಳು ಆರು ತಿಂಗಳಿಗೆಂದು ನಮ್ಮಲ್ಲಿಗೆ, ಅಮೆರಿಕದ ಓರೆಗಾನ್‌ಗೆ ಬಂದು ಬಾತುಗಳನ್ನೇ ಹಚ್ಚಿಕೊಂಡಳು. ವಸಂತ ಬಂತೆಂದರೆ ಇಲ್ಲಿನ ರೈತರ ಅಂಗಡಿಗಳಲ್ಲಿ ಬಾತಿನ ಮರಿ ಮಾರುತ್ತಾರೆ. ಒಂದೇ ಮರಿ ಒಯ್ದರೆ ಕೊರಗಿ ಸಾಯುತ್ತದೆ ಅಂತ ಮಗಳು ಹಟ ಹಿಡಿದು ಎರಡು ತಂದಳು. ಹೆಸರಿಟ್ಟವಳು ಅವ್ವ: ಗಿರ್ಮಿಟ್ ಮತ್ತು ಮಿರ್ಚಿ. ಊರು ಬಿಟ್ಟು ಮೂರು ವಾರವಾಗಿತ್ತು, ಬಾಯಿ ಬೇಡುತ್ತಿತ್ತು.

ಮಿರ್ಚಿಯ ಮೈ ಕೆಂಡವಾದ ಆ ರಾತ್ರಿ ಅವ್ವ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದಳು. ಅಲ್ಲಿ ಮುಂಜಾನೆ ಹನ್ನೊಂದು, ಕಟ್ಟೆ ತುಂಬಿತ್ತು. ಫೋನು ಕೈಯಿಂದ ಕೈಗೆ ಹೋಯಿತು. ದೃಷ್ಟಿ ಆಗೇತಿ ಅಂದರು ಒಬ್ಬರು. ಕಪ್ಪತಗುಡ್ಡದಾಗ ಇದಕ್ಕೊಂದು ಬೇರು ಐತಿ ಅಂದರು ಇನ್ನೊಬ್ಬರು. ಮೂರನೆಯವರು ಓದಿದವರು. “ಗದಗಿನ್ಯಾಗ ವೆಟರ್ನರಿ ಕಾಲೇಜ ಐತಲ್ಲ, ಸುಮ್ನ ಅಲ್ಲಿಗೆ ತರ್ರಿ.”

ಬೇರು, ಕಾಲೇಜು ಎರಡೂ ದೂರವಾದ್ದರಿಂದ ದೃಷ್ಟಿ ತೆಗೆಯುವುದೇ ಉಳಿಯಿತು. ಅವ್ವ ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿಗೆ ಕೈ ಹಾಕಿದ್ದೇ ತಡ, ಮಗಳು ಅಡ್ಡ ನಿಂತಳು: ಹಕ್ಕಿಯ ಪುಪ್ಪುಸಕ್ಕೆ ಹೊಗೆ ಆಗಿಬರುವುದಿಲ್ಲ. ಕೊನೆಗೆ ಬರೀ ಉಪ್ಪು ನಿವಾಳಿಸಿದ್ದಾಯಿತು. ಮಿರ್ಚಿಗೆ ಮಿರ್ಚಿ ಸಿಗಲಿಲ್ಲ.

ಎರಡು ವಾರ ಕಳೆದು ಗಿರ್ಮಿಟ್‌ನ ದನಿ ಬಿತ್ತು. ಮಿರ್ಚಿ ಓಣಿಗೆಲ್ಲ ಕೇಳುವಂತೆ ಕ್ವ್ಯಾಕ್ ಅನ್ನುತ್ತಿದ್ದರೆ, ಇದು ತಂಬಾಕು ಹಾಕಿಕೊಂಡವರಂತೆ ಗೊರಗೊರ ಅನ್ನತೊಡಗಿತು. ಅವ್ವ ಶುಂಠಿ ಮೆಣಸಿನ ಕಷಾಯಕ್ಕೆ ನೀರಿಟ್ಟಳು. ಹೆಂಡತಿ, ಹಕ್ಕಿಜ್ವರದ ಸುದ್ದಿ ಬೇರೆ ಓದಿದವಳು, ಬಾತಿನ ಹತ್ತಿರ ಹೋಗುವಾಗಲೆಲ್ಲ ಮಾಸ್ಕ್ ಹಾಕಿದಳು. ನಾಲ್ಕನೆಯ ದಿನ ಮಗಳು ಗಿರ್ಮಿಟ್‌ನ ಬಾಲ ತೋರಿಸಿದಳು: ಬುಡದಲ್ಲಿ ಎರಡು ಗರಿ, ಹುರಿಮೀಸೆ ಹಾಗೆ ಮೇಲಕ್ಕೆ ಸುರುಳಿ ಸುತ್ತಿದ್ದವು. ಗಂಡು ಬಾತಿನ ಗುರುತು ಅದು. ದೊಡ್ಡ ದನಿ ಇರುವುದು ಹೆಣ್ಣು ಬಾತಿಗೆ ಮಾತ್ರ, ಗಂಡಿಗೆ ಪ್ರಾಯ ಬಂದ ಮೇಲೆ ಪಿಸುಮಾತು.

“ಹಂಗಾರ ಜಡ್ಡಲ್ಲ ಇದು,” ಅವ್ವ ಒಲೆ ಆರಿಸಿದಳು. “ಸಂಸಾರ.”

ಕಷಾಯ ನಾನು ಕುಡಿದೆ.

ಖರೆ ಜಡ್ಡು ಬಂದಾಗ ಸದ್ದೇ ಇರಲಿಲ್ಲ. ಮಿರ್ಚಿ ಕಾಳು ತಿನ್ನುತ್ತಿದ್ದಳು, ನೀರಿಗೂ ಇಳಿಯುತ್ತಿದ್ದಳು. ಆದರೆ ಗಿರ್ಮಿಟ್ ಹುಲ್ಲಿನಲ್ಲಿ ಹುಳ ಹುಡುಕುತ್ತ ಹೋದರೆ ಇವಳು ನಾಕು ಹೆಜ್ಜೆ ಹಿಂದೆಯೇ ಕೂತುಬಿಡುವಳು. ಗರಿ ತುಸು ಉಬ್ಬಿರುತ್ತಿತ್ತು. ಯಾರಾದರೂ ನೋಡಿದರೆಂದರೆ ತಟ್ಟನೆ ಎದ್ದು ನೆಟ್ಟಗೆ ನಡೆದು ತೋರಿಸುವಳು. ಬಾತುಗಳ ಸ್ವಭಾವವೇ ಅದಂತೆ. ಕುಂಟಿದ್ದನ್ನು ನರಿ ಮೊದಲು ಹಿಡಿಯುತ್ತದಲ್ಲ, ಹಾಗಾಗಿ ನೋವನ್ನು ಕೊನೆಯವರೆಗೂ ಬಚ್ಚಿಡುತ್ತವೆ. ನಮಗೆ ಗೊತ್ತಾಗುವ ಹೊತ್ತಿಗೆ ಜಡ್ಡು ಹಳತಾಗಿರುತ್ತದೆ.

ಕಾಲಿನ ಬಲ ಹೋದರೆ ನಿಯಾಸಿನ್ ಕೊರತೆ ಇರಬಹುದು ಅಂತ ಮಗಳ ಅನುಮಾನ. ಕೋಳಿಮರಿಯ ಕಾಳಿನಲ್ಲಿ ಬಾತಿಗೆ ಬೇಕಾದಷ್ಟು ಅದು ಇರುವುದಿಲ್ಲ. ಬಿಯರ್ ಮಾಡುವಾಗ ಬಳಸುವ ಈಸ್ಟ್ ಉದುರಿಸಬೇಕು. “ಬಾತಿಗೆ ಬಿಯರ್ರ?” ಅನ್ನುತ್ತ ಅವ್ವ ಮಿರ್ಚಿಯನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ಅಂಗಾಲು ನೋಡಿದಳು. ಕಿತ್ತಳೆ ಬಣ್ಣದ ಪಾದದ ನಟ್ಟನಡುವೆ ಹೆಸರುಕಾಳಿನಷ್ಟು ಕರಿ ಹಕ್ಕಳೆ. ಸುತ್ತ ಬಾವು.

“ಇದು ಆಣಿ,” ಅಂದಳು ಅವ್ವ. “ಕಟಿಗಿ ಹಲಗಿ ಮ್ಯಾಲೆ ಅಡ್ಡಾಡಿ ಆಗೇತಿ. ನನಗೂ ಹಂಗ ಆಗೇತಲ್ಲ.”

ಮನೆ ಗಪ್ಪಾಯಿತು.

“ನಿನಗ ಯಾವಾಗ ಆತು?”

“ನನಗೇನಾಗೇತಿ? ಬಾತಿಂದು ಹೇಳಾಕತ್ತೀನಿ.”

ಹತ್ತಿರದ ಪ್ರಾಣಿ ಆಸ್ಪತ್ರೆಯವರು ನಾಯಿ, ಬೆಕ್ಕು ಅಷ್ಟೇ ಅಂದರು. ಹಕ್ಕಿ ನೋಡುವ ಡಾಕ್ಟರು ಒಂದು ತಾಸಿನ ದಾರಿ. ಅಲ್ಲಿನ ಪದ್ಧತಿಯಲ್ಲಿ ರೋಗಿಗೆ ಮನೆತನದ ಅಡ್ಡಹೆಸರು ಸೇರಿಸಿ ಕರೆಯುತ್ತಾರೆ. ನಮ್ಮ ಕಡೆ ಎಷ್ಟೋ ಅಡ್ಡಹೆಸರು ಊರ ಹೆಸರೇ, ನಮ್ಮದೂ ಹಾಗೆ. ಬಾಗಿಲಲ್ಲಿ ನರ್ಸಮ್ಮ ಚೀಟಿ ನೋಡಿ, ನಾಲಗೆ ಹೊರಳಿಸಿ ಕೂಗಿದಳು: “ಮಿರ್ಚಿ ಬೆಂತೂರ!” ಅವ್ವನಿಗೆ ಕಣ್ಣು ತುಂಬಿ ಬಂತು. ಪರದೇಶದಲ್ಲಿ ಊರ ಹೆಸರು ಕರೆಸಿಕೊಂಡವಳು ಬಾತು.

ಡಾಕ್ಟರು ಆಣಿ ಅಲ್ಲ ಅಂದರು. ಚರ್ಮ ಸೀಳಿದಲ್ಲಿ ಬ್ಯಾಕ್ಟೀರಿಯಾ ಹೊಕ್ಕು ಒಳಗೆ ಕೀವು ಗಟ್ಟಿಯಾಗಿದೆ; ಬಿಳಿ ಪೀಕಿನ್ ಜಾತಿಯವು ಮೈಭಾರದವು, ಗಟ್ಟಿ ನೆಲದಲ್ಲಿ ಓಡಾಡಿದರೆ ಹೀಗಾಗುತ್ತದೆ. ಬಿಟ್ಟರೆ ಎಲುಬಿಗೆ ಇಳಿಯುತ್ತದೆ. ಔಷಧ ಬರೆಯುವ ಮೊದಲು ಒಂದು ಪ್ರಶ್ನೆ: ಇದರ ಮೊಟ್ಟೆ ತಿನ್ನುತ್ತೀರಾ? ಅಮೆರಿಕದ ಕಾನೂನಿಗೆ, ಅಂಗಳದಲ್ಲಿ ಮುದ್ದು ಮಾಡಿ ಸಾಕಿದರೂ, ಬಾತು ತಿನ್ನುವ ಪ್ರಾಣಿಯೇ. ಕೆಲವು ಔಷಧ ಕೊಡುವಂತಿಲ್ಲ, ಇನ್ನು ಕೆಲವು ಕೊಟ್ಟರೆ ಇಷ್ಟು ದಿನ ಮೊಟ್ಟೆ ಬಿಸಾಡಬೇಕು.

ನಾನು ತರ್ಜುಮೆ ಮಾಡಿದೆ. “ಶಿವ ಶಿವಾ!” ಅಂದಳು ಅವ್ವ. ಎದೆಯ ಮೇಲಿನ ಲಿಂಗಕ್ಕೆ ಕೈ ಹೋಯಿತು. ಹಿಂದಿನ ವಾರದ ಕೇಕು ಎಷ್ಟು ಮೆತ್ತಗಾಗಿತ್ತು, ಯಾಕೆ ಮೆತ್ತಗಾಗಿತ್ತು ಅನ್ನುವ ವಿಚಾರವಾಗಿ ನಾನೂ ಹೆಂಡತಿಯೂ ಗೋಡೆ ನೋಡುತ್ತ ನಿಂತೆವು.

ಹೊರಡುವಾಗ ಡಾಕ್ಟರು ಅವ್ವನ ನಡಿಗೆಯನ್ನೇ ನೋಡುತ್ತಿದ್ದರು. “ನಿಮ್ಮ ತಾಯಿಯೂ ಎಡಗಾಲು ಊರುತ್ತಿಲ್ಲ” ಅಂದರು. ಅವ್ವ ತಟ್ಟನೆ ನೆಟ್ಟಗಾಗಿ ಕಾರಿನವರೆಗೆ ದಡದಡ ನಡೆದು ತೋರಿಸಿದಳು. ಬಿಲ್ಲಿನ ಮೊತ್ತಕ್ಕೆ ಎಷ್ಟು ಕ್ವಿಂಟಲ್ ಉಳ್ಳಾಗಡ್ಡಿ ಅಂತ ಲೆಕ್ಕ ಕೇಳಿದಳು. ಯಾವ ವರ್ಷದ ರೇಟಿಗೆ ಅಂತ ನಾನು ಮಾತು ತೇಲಿಸಿದೆ.

ಮನೆಯಲ್ಲಿ ಚಿಕಿತ್ಸೆ ಹೀಗೆ: ಉಗುರುಬೆಚ್ಚನೆಯ ನೀರಿಗೆ ಎಪ್ಸಮ್ ಉಪ್ಪು, ಅದರಲ್ಲಿ ಕಾಲು ನೆನೆಸುವುದು, ಒರೆಸಿ ಮುಲಾಮು, ಪಟ್ಟಿ, ಮಲಗಲು ದಪ್ಪ ಹುಲ್ಲು. ಆ ನೀರು ಕುಡಿಯಲು ಬಿಡಬಾರದು, ಕುಡಿದರೆ ಭೇದಿ. ಚುಂಚು ಹಿಡಿಯುವ ಕೆಲಸ ಅವ್ವನದು. ಮೂರನೆಯ ಸಂಜೆ ನಾನು ಆಫೀಸಿನಿಂದ ಬೇಗ ಬಂದೆ. ಬಚ್ಚಲಲ್ಲಿ ಅವ್ವ ಮಣೆಯ ಮೇಲೆ ಕೂತಿದ್ದಳು. ಒಂದೇ ಟಬ್ಬು, ನಾಕು ಪಾದ. ಎರಡು ಕಿತ್ತಳೆ, ಎರಡು ಅರಿಸಿನ ಹಚ್ಚಿದ್ದು. ಇಬ್ಬರೂ ಕಣ್ಣು ಮುಚ್ಚಿದ್ದರು.

ಅಷ್ಟರಲ್ಲಿ ಫೋನು ಗುನುಗಿತು. ಅಪ್ಪ. ಅವ್ವ ಎರಡೂ ಕಾಲು ಎಳೆದು ಸೀರೆಯೊಳಗೆ ಮುದುಡಿಕೊಂಡು, ಬಾತನ್ನು ಮುಂದೆ ಹಿಡಿದಳು.

“ಹೆಂಗೈತಿ ಬಾತು?”

“ಆರಾಮ ಐತ್ರಿ.”

“ನೀ?”

“ನನಗೇನಾಗೇತಿ?”

ಅಪ್ಪ ಕನ್ನಡಕ ಏರಿಸಿ ಪರದೆಯ ಹತ್ತಿರ ಬಂದರು. “ಮತ್ತ ಸೀರಿ ಮೊಳಕಾಲತನ ಯಾಕ ತೊಯ್ದೈತಿ?”