ಸ್ಪ್ರಿಂಗ್ ಸೂತ್ರಗಳು: ಚಿಕ್ಕೋಡಿ ಭಾಷ್ಯ ಸಹಿತ

ಪೀಠಿಕೆ

ವಾರವೆಲ್ಲ ಮನೆಮಂದಿಯನ್ನು ಹೊತ್ತು ತಿರುಗಿ, ಎಂದಾದರೊಂದು ಭಾನುವಾರ ರೇಸ್ ಟ್ರ್ಯಾಕಿಗೂ ಇಳಿಯಬೇಕೆಂದು ಹಂಬಲಿಸುವ ಕಾರಿಗೆ ಎಷ್ಟು ಬಿಗಿಯ ಸ್ಪ್ರಿಂಗು ಬೇಕು? ಈ ಪ್ರಶ್ನೆಗೆ ಕಠೋಪನಿಷತ್ತಿನಲ್ಲಿ ಉತ್ತರವಿಲ್ಲ. ಅಲ್ಲಿ ರಥವಿದೆ, ಕುದುರೆಗಳಿವೆ, ಲಗಾಮು ಇದೆ, ಶಾಕಪ್ ಇಲ್ಲ. ಆ ಕೊರತೆಯನ್ನು ತುಂಬುವುದೇ ಈ ಗ್ರಂಥದ ಪ್ರಯೋಜನ. ಇದರ ಕ್ಷೇತ್ರ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಮೂರಿದ್ದ ತಾಲೂಕುಗಳು ಈಚೆಗೆ ಐದಾದವು. ತಗ್ಗುಗಳು ಮಾತ್ರ ಹಂಚದೆಯೇ ಎಲ್ಲರಿಗೂ ಸಾಕಾದವು. ಅಧಿಕಾರಿ, ಸಾಲ ಮಾಡಿ ಸಣ್ಣ ಕಾರು ಕೊಂಡ ಈ ಲೇಖಕ. ಸಂಬಂಧ, ಹಿಂದಿನ ಸೀಟಿನಲ್ಲಿ ಕೂಡುವ ಅವ್ವ.

ಸೂತ್ರ 1: ಒತ್ತಿದಷ್ಟೇ ಒದೆ.

ಭಾಷ್ಯ: ಇದನ್ನು ಕಂಡವನು ಇಂಗ್ಲೆಂಡಿನ ರಾಬರ್ಟ್ ಹುಕ್. ಕದಿಯುವವರ ಭಯಕ್ಕೆ 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟು ಮಾಡಿ ಅಚ್ಚು ಹಾಕಿಸಿದ; 1678ರಲ್ಲಿ ತಾನೇ ಬಿಡಿಸಿ ಹೇಳಿದ. ನಮ್ಮ ಗ್ಯಾರೇಜಿನ ಮಿಸ್ತ್ರಿ ಚಹಾ ಮುಗಿಯುವುದರೊಳಗೆ ಹೇಳಿದರು: “ಎಷ್ಟ್ ಒತ್ತತೀರಿ, ಅಷ್ಟ ಒದೀತೈತ್ರಿ ಸಾಹೇಬ್ರ.”

ಸೂತ್ರ 2: ಕುಣಿತ ಇಮ್ಮಡಿ, ಬಿಗಿ ನಾಲ್ಮಡಿ.

ಭಾಷ್ಯ: ಒಂದು ಗಾಲಿಯ ಪಾಲಿಗೆ 250 ಕಿಲೋ ಭಾರ ಎಂದಿಟ್ಟುಕೊಳ್ಳಿ. ಗಾಡಿಯ ಮೈ ಸೆಕೆಂಡಿಗೆ ಸುಮಾರು 1.2 ಸಲ ಕುಣಿಯುವಂತಿದ್ದರೆ ಮನೆಮಂದಿಗೆ ಹಿತ. ಅದಕ್ಕೆ ಮಿಲಿಮೀಟರಿಗೆ ಒಂದೂವರೆ ಕಿಲೋ ಬಿಗಿ ಸಾಕು. ಟ್ರ್ಯಾಕಿನವರು ಇದರ ಇಮ್ಮಡಿ, 2.4, ಬೇಕೆನ್ನುತ್ತಾರೆ, ಆಗ ಬಿಗಿ ಆರು ಕಿಲೋದ ಹತ್ತಿರ ಹೋಗುತ್ತದೆ. ಇನ್ನು 50 ಮಿಲಿಮೀಟರ್ ಎತ್ತರದ ಹಂಪ್ ಹತ್ತಿಸಿ ನೋಡಿ. ಮೊದಲನೆಯ ಸ್ಪ್ರಿಂಗು ಕೆಳಗಿನಿಂದ ಹೆಚ್ಚಿಗೆ ಒದೆಯುವುದು ಒಂದೂವರೆ ಸಕ್ಕರೆ ಚೀಲದಷ್ಟು; ಎರಡನೆಯದು ಹೆಚ್ಚುಕಡಿಮೆ ಆರು ಚೀಲದಷ್ಟು. ಚೀಲ 50 ಕಿಲೋದ್ದು.

ಇದೆಲ್ಲ ಗಾಲಿಯಲ್ಲಿ ಅಳೆದ ಬಿಗಿ ಎಂಬುದನ್ನು ಮರೆಯಬಾರದು. ಗಾಲಿ 10 ಮಿಲಿಮೀಟರ್ ಎದ್ದಾಗ ಸ್ಪ್ರಿಂಗು 7 ಮಾತ್ರ ಕುಗ್ಗುವ ಜೋಡಣೆಯಿದ್ದರೆ, ಸ್ಪ್ರಿಂಗಿನ ಬಿಗಿಯಲ್ಲಿ ಗಾಲಿಗೆ ದಕ್ಕುವುದು ಅರ್ಧ. ಹೊಲದಲ್ಲಿದ್ದ ಕಬ್ಬಿನ ತೂಕ ತಕ್ಕಡಿಯಲ್ಲಿ ಇರುವುದಿಲ್ಲವೆಂದು ರೈತರು ಹೇಳುವುದನ್ನು ಇಲ್ಲಿ ನೆನೆಯಬಹುದು.

ಸೂತ್ರ 3: ಕಡಿದರೆ ಬಿಗಿ, ಬುದ್ಧಿಯಲ್ಲ.

ಭಾಷ್ಯ: ಹೊಸ ಸ್ಪ್ರಿಂಗಿಗೆ ದುಡ್ಡಿಲ್ಲದವರು ಇದ್ದದ್ದರಲ್ಲೇ ಒಂದು ಸುತ್ತು ಕಡಿಸುತ್ತಾರೆ. ಎಂಟು ಸುತ್ತು ಏಳಾದರೆ ಬಿಗಿ ಏರುವುದು ಶೇಕಡಾ 14. ಗಾಡಿ ನೆಲಕ್ಕೆ ಇಳಿಯುವುದು ಮಾತ್ರ ಊರಿಗೆಲ್ಲ ಕಾಣುವಷ್ಟು. ತಂತಿಯ ದಪ್ಪವನ್ನು ಶೇಕಡಾ 10 ಹೆಚ್ಚಿಸಿದರೆ ಬಿಗಿ ಶೇಕಡಾ 46 ಏರುತ್ತದೆ. ಲಾರಿಯ ಪಾಟಾದಲ್ಲೂ ಇದೇ ನ್ಯಾಯ: ಪಾಟಾ ಎಷ್ಟಿವೆ ಎಂಬುದಕ್ಕಿಂತ ಎಷ್ಟು ದಪ್ಪ ಎಂಬುದೇ ಹೆಚ್ಚು ಮಾತಾಡುತ್ತದೆ. ಕಡಿದ ಸ್ಪ್ರಿಂಗು ಗಾಲಿ ಜೋತುಬಿದ್ದಾಗ ತನ್ನ ಜಾಗ ಬಿಟ್ಟು ಸರಿಯಬಹುದು. ಆದ್ದರಿಂದ ಈ ಮತ ತ್ಯಾಜ್ಯ.

ಪೂರ್ವಪಕ್ಷ

ದ್ವೈತಿಗಳು ಬೀದಿ ಬೇರೆ, ಟ್ರ್ಯಾಕ್ ಬೇರೆ, ಎರಡು ಕಾರು ಕೊಳ್ಳು ಎನ್ನುತ್ತಾರೆ. ಇವರಿಗೆ ಸಾಲದ ಕಂತಿನ ಅನುಭವವಿಲ್ಲ. ವಿಶಿಷ್ಟಾದ್ವೈತಿಗಳು ಕಾರು ಒಂದೇ, ಬಿಗಿ ಹೆಚ್ಚುಕಡಿಮೆ ತಿರುಗಿಸುವ ದುಬಾರಿ ಶಾಕಪ್ ಹಾಕಿಸು ಎನ್ನುತ್ತಾರೆ. ಆದರೆ ತಿರುಗಿಸಿದರೆ ಬದಲಾಗುವುದು ಶಾಕಪ್ಪಿನ ತಡೆ. ಸ್ಪ್ರಿಂಗಿನ ಬಿಗಿ ಇದ್ದಷ್ಟೇ ಇರುತ್ತದೆ. ಅದ್ವೈತಿಗಳು ಬೀದಿಯೇ ಟ್ರ್ಯಾಕ್ ಎಂದು ಸಾಧಿಸುತ್ತಾರೆ. ಇದಕ್ಕೆ ನಮ್ಮಲ್ಲಿ ಪ್ರತ್ಯಕ್ಷ ಪ್ರಮಾಣವೇ ಇದೆ. ಐದೂ ತಾಲೂಕಿನಲ್ಲಿ ಮೋಟಾರು ಟ್ರ್ಯಾಕ್ ಒಂದೂ ಇಲ್ಲ. ಕೊಯಮತ್ತೂರಿಗೋ ಚೆನ್ನೈಗೋ ಹೋಗಿ ಬರುವಷ್ಟರಲ್ಲಿ ಹೊಸ ಸ್ಪ್ರಿಂಗು ಹಳೆಯದಾಗುತ್ತದೆ. ಇತ್ತ ನಿಪ್ಪಾಣಿಯ ಬಳಿ ಹೆದ್ದಾರಿಯ ತವಂದಿ ಘಾಟಿನ ತಿರುವುಗಳಲ್ಲಿ ಬಿಗಿ ಸ್ಪ್ರಿಂಗಿನ ಕಾರು ಇಸ್ತ್ರಿಪೆಟ್ಟಿಗೆಯಂತೆ ಒಂದಿಷ್ಟೂ ವಾಲದೆ ಸರಿಯುತ್ತದೆ. ಹೆದ್ದಾರಿ ಬಿಟ್ಟು ಪೂರ್ವಕ್ಕೆ ಹೊರಳಿದರೆ ಎರಿ ನೆಲ. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಅದರೊಂದಿಗೆ ಎದ್ದು ಬಿದ್ದು ಅಲೆಯಾಗುತ್ತದೆ. ಉಳಿದದ್ದನ್ನು ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಪೂರೈಸುತ್ತವೆ.

ದೃಷ್ಟಾಂತ

ನಮ್ಮ ನಿಜವಾದ ರೇಸು ಚಕ್ಕಡಿ ಶರ್ಯತ್ತು. ಅದನ್ನು 2014ರಲ್ಲಿ ಸುಪ್ರೀಂ ಕೋರ್ಟು ತಡೆಯಿತು. 2017ರಲ್ಲಿ ಕರ್ನಾಟಕ ಕಾಯ್ದೆ ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಒಂಬತ್ತು ವರ್ಷದ ವ್ಯಾಜ್ಯದಲ್ಲಿ ಚಕ್ಕಡಿಯ ಸ್ಪ್ರಿಂಗು ಎಷ್ಟು ಬಿಗಿ ಎಂದು ಯಾವ ವಕೀಲರೂ ಕೇಳಿದಂತಿಲ್ಲ. ಕೇಳಿದ್ದರೆ ಉತ್ತರ, ಸ್ಪ್ರಿಂಗೇ ಇಲ್ಲ. ಅಚ್ಚಿನ ಮೇಲೆ ಕಟ್ಟಿಗೆ, ಕಟ್ಟಿಗೆಯ ಮೇಲೆ ಮನುಷ್ಯ. ಹಾಗಾದರೆ ಆ ಮನುಷ್ಯ ಉಳಿಯುವುದು ಹೇಗೆ? ಮೊಣಕಾಲು ಮಡಿಚಿ. ಅವನ ಮೊಣಕಾಲೇ ಸ್ಪ್ರಿಂಗು, ತೊಡೆಯೇ ಶಾಕಪ್ಪು.

ಒಂದೇ ನೊಗಕ್ಕೆ ಒಂದು ಕುದುರೆ, ಒಂದು ಎತ್ತು ಹೂಡುವ ಶರ್ಯತ್ತೂ ನಮ್ಮಲ್ಲುಂಟು. ಬೀದಿಗೂ ಟ್ರ್ಯಾಕಿಗೂ ಒಂದೇ ಕಾರು ಎಂದರೆ ಅದೇ: ಒಂದಕ್ಕೆ ಓಡುವ ಅವಸರ, ಇನ್ನೊಂದಕ್ಕೆ ಮನೆ ಮುಟ್ಟುವ ಅವಸರ.

ಸಿದ್ಧಾಂತ

ಮೆದುತನಕ್ಕೆ ನಾಶವಿಲ್ಲ, ಸ್ಥಳಾಂತರ ಮಾತ್ರ ಉಂಟು. ನೆಲ, ಟಾಯರು, ಸ್ಪ್ರಿಂಗು, ಸೀಟು, ಬೆನ್ನೆಲುಬು ಒಂದರ ಮೇಲೊಂದು ನಿಂತ ಸ್ಪ್ರಿಂಗುಗಳು. ಇಂಥ ಸಾಲಿನಲ್ಲಿ ಎಲ್ಲಕ್ಕಿಂತ ಮೆತ್ತಗಿದ್ದದ್ದೇ ಎಲ್ಲಕ್ಕಿಂತ ಹೆಚ್ಚು ಬಾಗುತ್ತದೆ. ಕಾರಿನ ಸ್ಪ್ರಿಂಗು ಬಾಗಲೊಲ್ಲೆ ಎಂದರೆ ಅದರ ಪಾಲನ್ನು ಮುಂದಿನವರು ಬಾಗಬೇಕು. ಕೂಡುಕುಟುಂಬದಲ್ಲಿ ಬೆಳೆದವರಿಗೆ ಈ ಸಿದ್ಧಾಂತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಯೋಗ

ಯಂತ್ರ: ಅವ್ವನ ತೊಡೆಯ ಮೇಲೆ ತುಂಬಿದ ಮಜ್ಜಿಗೆ ತಂಬಿಗೆ. ಮಾರ್ಗ: ಚಿಕ್ಕೋಡಿಯಿಂದ ಚಿಂಚಲಿ ಮಾಯಕ್ಕನ ಜಾತ್ರೆ. ಆರು ಕಿಲೋ ಬಿಗಿಯ ಸ್ಪ್ರಿಂಗಿನಲ್ಲಿ ರಾಯಬಾಗ ದಾಟುವಷ್ಟರಲ್ಲಿ ಅರ್ಧ ತಂಬಿಗೆ ಖಾಲಿ. “ಇದೇನೋ ಕಾರಾ, ರಾಶಿ ಮಷೀನಾ?” ಎಂದಳು. ಅಂದು ಅವಳು ಮರಳಿದ್ದು ಬಸ್ಸಿನಲ್ಲಿ. ಆಮೇಲೆ ಲೇಖಕನು ಮಧ್ಯಮ ಮಾರ್ಗ ಹಿಡಿದು ಸೆಕೆಂಡಿಗೆ 1.5 ಕುಣಿತದ, ಎರಡೂಕಾಲು ಕಿಲೋದ ಸ್ಪ್ರಿಂಗು ಹಾಕಿಸಿದ. ಘಾಟಿನಲ್ಲಿ ಕಾರು ತುಸು ವಾಲಿತು, ಲೇಖಕನ ಮುಖವೂ ವಾಲಿತು. ತಂಬಿಗೆಯಲ್ಲಿ ಮುಕ್ಕಾಲು ಮಜ್ಜಿಗೆ ಉಳಿಯಿತು. ವಿದ್ವಾಂಸರು ಇಲ್ಲಿಗೇ ಒಪ್ಪಿಕೊಳ್ಳುತ್ತಿದ್ದರು.

ಫಲಶ್ರುತಿ

ಮೂರನೆಯ ಸಲ ಹೊರಟಾಗ ಅವ್ವ ಹಳೇ ಕೌದಿಯೊಂದನ್ನು ಮಡಿಚಿ ಹಿಂದಿನ ಸೀಟಿಗೆ ಹಾಕಿ ಅದರ ಮೇಲೆ ಕೂತಳು. ಚಿಂಚಲಿ ಮುಟ್ಟಿದಾಗ ತಂಬಿಗೆಯ ಅಂಚಿನಿಂದ ಒಂದು ಹನಿಯೂ ಇಳಿದಿರಲಿಲ್ಲ. ಸಾಲಿನಲ್ಲಿ ಎಲ್ಲಕ್ಕಿಂತ ಮೆತ್ತಗಿನದೊಂದನ್ನು ತಾನೇ ಸೇರಿಸಿ, ಬೆನ್ನಿನ ಪಾಲಿನ ಬಾಗುವಿಕೆಯನ್ನು ಅದಕ್ಕೆ ಒಪ್ಪಿಸಿದ್ದಳು. ಎರಡು ಜೊತೆ ಸ್ಪ್ರಿಂಗಿನ ರಸೀದಿ ಲೇಖಕನ ಕಿಸೆಯಲ್ಲೇ ಇತ್ತು. “ಎಷ್ಟು ಮಡಿಚಿದಿ ಅವ್ವಾ?” ಎಂದು ಕೇಳಿದ. “ನಾಕ್ ಮಡಿಕಿ” ಎಂದಳು.

ಸೂತ್ರ 4: ಬಿಗಿ ನಾಲ್ಮಡಿಯಾದರೆ ಕೌದಿಯೂ ನಾಲ್ಮಡಿ.

ಇದಕ್ಕೆ ಭಾಷ್ಯ ಬೇಕಿಲ್ಲ.